ಅಡಿಕೆ ಬೆಳೆಗಾರ 'ಇತರೆ'ಯವನೇ?

ನಿಮ್ಮ ಗ್ರಾಮದ ಜನಗಣತಿ ಲೆಕ್ಕ ಯಾವತ್ತಾದರೂ ನೋಡಿದ್ದೀರಾ? ಜಿಲ್ಲಾ ಜನಗಣತಿ ಕೈಪಿಡಿಯಲ್ಲಿ ಗ್ರಾಮಕ್ಕೊಂದು ಸಾಲು ಇರುತ್ತದೆ. ಎಷ್ಟು ಮನೆ, ಎಷ್ಟು ಜನ, ಪರಿಶಿಷ್ಟ ಜಾತಿ-ಪಂಗಡದವರೆಷ್ಟು, ಓದುಬರಹ ಬಲ್ಲವರೆಷ್ಟು. ಕೊನೆಗೆ ದುಡಿಯುವವರನ್ನು ನಾಲ್ಕು ಪಾಲು ಮಾಡಿರುತ್ತಾರೆ - ಸಾಗುವಳಿದಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, ಇತರೆ.

ಪುತ್ತೂರು, ಸುಳ್ಯ, ಕಡಬದ ಅಡಿಕೆ ಬೆಳೆಗಾರ ಇದರಲ್ಲಿ ಎಲ್ಲಿದ್ದಾನೆ ಗೊತ್ತುಂಟಾ? 'ಇತರೆ'ಯಲ್ಲಿ!

ತಮಾಷೆಯಲ್ಲ. 2001 ಮತ್ತು 2011ರ ಗಣತಿಗಳ ವ್ಯಾಖ್ಯೆಯಂತೆ ಚಹಾ, ಕಾಫಿ, ರಬ್ಬರ್, ತೆಂಗು, ಅಡಿಕೆ ಬೆಳೆಯುವುದು 'ಸಾಗುವಳಿ' ಅಲ್ಲ, ಪ್ಲಾಂಟೇಶನ್. ಭತ್ತ, ಕಬ್ಬು, ತಂಬಾಕು, ಮರಗೆಣಸು ಬೆಳೆದರೆ ಸಾಗುವಳಿದಾರ. ಹಣ್ಣಿನ ತೋಟ ಮಾಡಿದರೂ ಸಾಗುವಳಿದಾರ. ಒಂದೆಕ್ರೆ ಅಡಿಕೆಗೆ ಬೇಸಗೆಯಿಡೀ ನೀರು ಹಾಯಿಸಿ, ಮಳೆಗಾಲದಲ್ಲಿ ಬೋರ್ಡೋ ಬಿಡಿಸಿ, ಅಂಗಳದಲ್ಲಿ ಒಣಗಿಸಿ, ಸುಲಿದು ಮಾರುವವ ಮಾತ್ರ ಮಾಷ್ಟ್ರು, ಬಸ್ ಡ್ರೈವರ್, ಅಂಗಡಿಯವರ ಸಾಲಿನಲ್ಲಿ. ನೂರಾರು ಎಕ್ರೆಯ ಚಹಾ ಎಸ್ಟೇಟಿಗೆ ಈ ಲೆಕ್ಕ ಸರಿ ಇರಬಹುದು. ನಮಗೆ ಹೇಗೆ ಹೊಂದುತ್ತದೆ?

ಕೆಲಸದವರದ್ದೂ ಅದೇ ಕತೆ. ಅಡಿಕೆ ಕೊಯ್ಯುವವ ಕೃಷಿ ಕೂಲಿ ಅಲ್ಲ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಯಾದ ತಮಿಳು ಕುಟುಂಬಗಳ ಟ್ಯಾಪಿಂಗ್ ಕೆಲಸವೂ 'ಇತರೆ'.

ಇದರಿಂದ ಒಂದು ವಿಚಿತ್ರ ಆಗಿದೆ. ನಮ್ಮಲ್ಲಿ ಎಷ್ಟೋ ಮಂದಿ ಗದ್ದೆಗೆ ಕಣಿ ತೆಗೆದು ಅಡಿಕೆ ಸಸಿ ಇಟ್ಟರು. ಮನೆ ಅದೇ, ಜಾಗ ಅದೇ, ಬೆವರೂ ಅದೇ. ಗಣತಿಯ ಕಣ್ಣಿಗೆ ಮಾತ್ರ ಅವರು ಸಾಗುವಳಿ ಬಿಟ್ಟವರು. ಬೆಂಗಳೂರಲ್ಲಿ ಕೂತು ಪುಸ್ತಕ ನೋಡುವವನಿಗೆ ಈ ಊರಿನವರು ಕೃಷಿ ಬಿಟ್ಟಿದ್ದಾರೆ ಎಂದೇ ಕಾಣುವುದು. ಮಕ್ಕಳು ಬೆಂಗಳೂರು ಸೇರಿ ನಿಜವಾಗಿಯೂ ಕೃಷಿ ಬಿಟ್ಟ ಮನೆಗಳು ಬೇಕಾದಷ್ಟಿವೆ. ಆದರೆ ಬಿಟ್ಟವರೆಷ್ಟು, ಬೆಳೆ ಬದಲಿಸಿದವರೆಷ್ಟು ಎಂದು ಆ ಸಾಲಿನಿಂದ ತಿಳಿಯುವ ಹಾಗೇ ಇಲ್ಲ.

ಇನ್ನು ಹೆಂಗಸರ ವಿಷಯ. "ಮನೆಯವರಿಗೆ ಏನು ಕೆಲಸ?" ಎಂದು ಗಣತಿಯವರು ಕೇಳಿದರೆ "ಮನೆಯಲ್ಲೇ" ಅಂದುಬಿಡುತ್ತೇವೆ. ಅಡಿಕೆ ಹೆಕ್ಕುವುದು ಯಾರು? ಹಟ್ಟಿಗೆ ಸೊಪ್ಪು ತರುವುದು, ಹಾಲು ಕರೆಯುವುದು ಯಾರು? ಸ್ವಂತ ಜಮೀನಿನಲ್ಲಿ ಸಂಬಳವಿಲ್ಲದೆ ಮಾಡುವ ದುಡಿಮೆಯೂ ಕೆಲಸವೇ ಎಂದು ಗಣತಿಯ ನಿಯಮವೇ ಹೇಳುತ್ತದೆ. ವರ್ಷದಲ್ಲಿ ಆರು ತಿಂಗಳು ದುಡಿದರೆ ಮುಖ್ಯ ಕೆಲಸಗಾರರು. ಇಲ್ಲಿ ತಪ್ಪು ಸರಕಾರದ್ದಲ್ಲ, ಜಗಲಿಯಲ್ಲಿ ಕೂತು ಉತ್ತರ ಕೊಡುವ ಗಂಡಸರದ್ದು.

2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆಯಂತೆ ಮುಂದಿನ ಲೆಕ್ಕ 2027ರ ಮಾರ್ಚ್ 1ಕ್ಕೆ. 1931ರ ನಂತರ ಮೊದಲ ಬಾರಿಗೆ ಎಲ್ಲ ಜಾತಿಗಳ ಎಣಿಕೆಯೂ ಇದರಲ್ಲಿ ಸೇರಿದೆ. ಹಾಗಾಗಿ ಚರ್ಚೆಯೆಲ್ಲ ಜಾತಿಯ ಸುತ್ತವೇ. ಅದೂ ಬೇಕು. ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲೆಯಾಳ, ಮರಾಟಿ ಎಲ್ಲ ಕೇಳುವ ನಮ್ಮ ಊರುಗಳಲ್ಲಿ ಯಾರೆಷ್ಟಿದ್ದಾರೆ ಎಂದು ತಿಳಿಯುವುದು ಒಳ್ಳೆಯದೇ. ಆದರೆ ಈ ಎಲ್ಲರನ್ನೂ ಒಂದೇ ಸಂತೆಗೆ ತರುವ ಬೆಳೆ ಅಡಿಕೆ. ಅದನ್ನು ಬೆಳೆಯುವವರ ಲೆಕ್ಕ ಬೇಡವಾ?

ಬೆಳೆಗಾರರ ಸಂಘಗಳು, ಸಹಕಾರಿ ಸಂಘಗಳ ಮಹಾಸಭೆಗಳು ಅಡಿಕೆಯ ಧಾರಣೆಗೆ, ಆಮದಿಗೆ ಎಷ್ಟೋ ನಿರ್ಣಯ ಮಾಡಿವೆ. ಸಣ್ಣ ಹಿಡುವಳಿಯ ಅಡಿಕೆ, ತೆಂಗು, ರಬ್ಬರನ್ನು ಸಾಗುವಳಿ ಎಂದೇ ಬರೆಯಿರಿ ಎಂದು ದಿಲ್ಲಿಯ ಗಣತಿ ಕಮಿಷನರರಿಗೆ ಒಂದು ನಿರ್ಣಯ ಕಳಿಸಲಿ. ಎಣಿಕೆ ಶುರುವಾಗುವ ಮೊದಲೇ ಕಳಿಸಬೇಕು.