ಬಡವರ ಸೇವೆಯ ವಿದ್ಯೆ ಸಿರಿವಂತರ ಸೊತ್ತೇ?

ಕೇಂಬ್ರಿಜ್‌ನಲ್ಲಿ ಸಹಪಾಠಿಗಳಾಗಿದ್ದ ಪಾಕಿಸ್ತಾನದ ಮೆಹಬೂಬುಲ್ ಹಕ್ ಮತ್ತು ಭಾರತದ ಅಮರ್ತ್ಯ ಸೇನ್‌ರ ಚಿಂತನೆಯಿಂದ 1990ರಲ್ಲಿ ಮಾನವ ಅಭಿವೃದ್ಧಿ ಸೂಚ್ಯಂಕ ರೂಪುಗೊಂಡಿತು. ರಾಷ್ಟ್ರವೊಂದರ ಏಳಿಗೆಯನ್ನು ವರಮಾನದಿಂದ ಮಾತ್ರವಲ್ಲ, ಆಯುಷ್ಯ ಮತ್ತು ಶಿಕ್ಷಣದಿಂದಲೂ ಅಳೆಯುವುದನ್ನು ಜಗತ್ತು ಕಲಿಯಿತು. ಅದೇ ಅಭಿವೃದ್ಧಿ ಅಧ್ಯಯನದಲ್ಲಿ ವಿದೇಶದ ಸ್ನಾತಕೋತ್ತರ ಪದವಿಗೆ ಹಂಬಲಿಸುವ ನಮ್ಮ ಯುವಜನರ ಹಾದಿ ಇಂದು ದುರ್ಗಮವಾಗಿದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಶಿಕ್ಷಣ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ ‘ಪಢೋ ಪರದೇಶ್’ ಯೋಜನೆಯನ್ನು ಕೇಂದ್ರ ಸರಕಾರ 2022-23ರಿಂದ ಕೈಬಿಟ್ಟಿತು. 2025ರಲ್ಲಿ ಅಮೆರಿಕವು ತನ್ನ ನೆರವು ಸಂಸ್ಥೆ ಯುಎಸ್‌ಏಡ್‌ಗೆ ಬೀಗ ಜಡಿದಾಗ ಈ ಕ್ಷೇತ್ರದ ಉದ್ಯೋಗಗಳೂ ಕುಗ್ಗಿದವು.

ಆದ್ದರಿಂದ ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಮರುಪಾವತಿಯ ದಾರಿಯನ್ನು ಯೋಚಿಸಬೇಕು. ಸರಕಾರ ಯೋಜನೆಯನ್ನು ಮರಳಿ ಆರಂಭಿಸಲಿ. ಮದುವೆಯ ಆಡಂಬರಕ್ಕೆ ಸುರಿಯುವ ಹಣದ ಒಂದು ಪಾಲನ್ನಾದರೂ ಸಮುದಾಯವು ವಿದ್ಯಾರ್ಥಿವೇತನಕ್ಕೆ ಮೀಸಲಿಡಲಿ. ಹಸಿವನ್ನು ಉಂಡು ಬಲ್ಲವರೇ ಹಸಿವಿನ ನೀತಿಯನ್ನು ರೂಪಿಸುವಂತಾಗಬೇಕೆಂಬುದು ನಮ್ಮ ಆಶಯ.