ಸೀರೆ ಅಜ್ಜಿಯದು, ರವಿಕೆ ಈ ವರ್ಷದ್ದು

ಮದುವೆಯ ತಿಂಗಳುಗಳು ಸಮೀಪಿಸಿದವೆಂದರೆ ಈ ಪುಟಕ್ಕೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಉಡುಗೆಯನ್ನು ಕುರಿತವೇ ಆಗಿರುತ್ತವೆ. ಅವುಗಳಲ್ಲಿ ಒಂದನ್ನು ಮಾತ್ರ ಈ ವಾರ ಎತ್ತಿಕೊಂಡಿದ್ದೇನೆ. ಬರೆದವರು ನ್ಯಾಮತಿಯ ಗೃಹಿಣಿಯೊಬ್ಬರು. ಅವರ ಅಣ್ಣನ ಮಗನ ಮದುವೆ ವೈಶಾಖದಲ್ಲಿ, ಶಿವಮೊಗ್ಗೆಯಲ್ಲಿ. ಮಗಳಿಗೆ ಇಪ್ಪತ್ತೊಂದು ವರ್ಷ. ತುಸು ಗಿಡ್ಡ ನಿಲುವು, ಕಪ್ಪು ಬಣ್ಣ, ಲಕ್ಷಣವಾದ ಮುಖವೆಂದು ತಾಯಿಯೇ ಬರೆದಿದ್ದಾರೆ. ಹುಡುಗಿ ತನ್ನ ಫೋನಿನಲ್ಲಿ ಕಂಡ ಆರ್ಗಾಂಜಾ ಸೀರೆಯೊಂದನ್ನು ಆಸೆಪಟ್ಟಳಂತೆ: ತೆಳು ಗುಲಾಬಿ ಒಡಲು, ಅಂಗೈಯಗಲದ ಹೂಗಳು, ಜೊತೆಗೆ ಭುಜದಲ್ಲಿ ಉಬ್ಬಿದ ತೋಳಿನ ರವಿಕೆ. ಅಂಗಳದಲ್ಲಿ ಕುಳಿತಿದ್ದ ಸೋದರತ್ತೆ, "ಆ ಮೈಬಣ್ಣಕ್ಕೆ ತಿಳಿ ಬಣ್ಣ ಒಪ್ಪುವುದಿಲ್ಲ, ಹಳದಿಯಂತೂ ಬೇಡವೇ ಬೇಡ, ಯಾವುದಾದರೂ ಕಂದು ಬಣ್ಣದ್ದನ್ನು ಉಡಿಸಿಬಿಡಿ" ಎಂದರಂತೆ. ಮನೆಯ ಪೆಟ್ಟಿಗೆಯಲ್ಲಿ ಅಜ್ಜಿಯ ಕಾಲದ ಕಡು ಹಸುರು ಮೈಸೂರು ರೇಷ್ಮೆಯಿದೆ. ಅದನ್ನು ತೆಗೆದು ತೋರಿಸಿದರೆ "ಹಳೆಯದು" ಎಂದು ಹುಡುಗಿ ಮುಖ ತಿರುಗಿಸಿದಳು. ಈಗ ಮದುವೆಗೇ ಬರುವುದಿಲ್ಲವೆಂದು ಕೂತಿದ್ದಾಳೆ. "ಹೊಸ ಸೀರೆ ಕೊಡಿಸಲು ನಮಗೆ ಆಗದೆಂದಲ್ಲ, ಆದರೆ ಅವಳು ಸೀರೆಗಾಗಿ ಅಳುತ್ತಿಲ್ಲವೆಂದು ನನಗೆ ಅನ್ನಿಸುತ್ತದೆ" ಎಂಬ ಮಾತಿನೊಂದಿಗೆ ಕಾಗದ ಮುಗಿಯುತ್ತದೆ.

ತಾಯಿಯ ಊಹೆ ಸರಿ. ಹುಡುಗಿ ಅತ್ತಿರುವುದು ಸೋದರತ್ತೆಯ ಮಾತಿಗೆ. ಆದುದರಿಂದ ಸೀರೆಯ ವಿಚಾರಕ್ಕಿಂತ ಮೊದಲು ಬಣ್ಣದ ವಿಚಾರವನ್ನೇ ಹೇಳಿಬಿಡುತ್ತೇನೆ.

ಕಪ್ಪು ಮೈಗೆ ಹಳದಿ ಒಪ್ಪದೆಂಬ ಮಾತನ್ನು ಯಾರು ಹುಟ್ಟಿಸಿದರೋ, ಅವರು ನ್ಯಾಮತಿಯ ಸೀಮೆಯನ್ನು ನೋಡಿದವರಲ್ಲ. ಅದೇ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ, ಬಂಜಾರರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದರೆಂದು ನಂಬಲಾದ ಸ್ಥಳದಲ್ಲಿ, ಪ್ರತಿ ಫೆಬ್ರವರಿಯಲ್ಲಿ ಜಯಂತಿ ನಡೆಯುತ್ತದೆ. ದೂರದ ತಾಂಡಾಗಳಿಂದಲೂ ಬರುವ ಹಿರಿಯ ಹೆಂಗಸರು ತೊಡುವ ಕಾಂಚಳಿ, ಫೇಟಿಯಾಗಳನ್ನು ಒಮ್ಮೆ ನೋಡಬೇಕು. ಕೆಂಪೆಂದರೆ ತುಂಬು ಕೆಂಪು, ಹಳದಿಯೆಂದರೆ ತುಂಬು ಹಳದಿ, ನಡುವೆ ಕನ್ನಡಿಯ ಬಿಲ್ಲೆ, ಕವಡೆ, ನಾಣ್ಯ. ಬಿಸಿಲಿನಲ್ಲಿ ದುಡಿದು ಕಪ್ಪಾದ ಮೈಗಳ ಮೇಲೆ ಆ ಬಣ್ಣಗಳು ಬೆಳಗುವ ಪರಿಯನ್ನು ಕಂಡವರು ಮತ್ತೆ ಆ ಸೋದರತ್ತೆಯ ಮಾತನ್ನು ಆಡಲಾರರು. ಉತ್ತರ ಕರ್ನಾಟಕದಲ್ಲಿ ಮದುವೆಯ ಹೆಣ್ಣಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಯನ್ನೇ ಉಡಿಸುತ್ತಿದ್ದ ವಾಡಿಕೆಯಿತ್ತು. ಕಪ್ಪೆಂಬ ಬಣ್ಣವನ್ನು ಹಿಂದಿನವರು ಶುಭಕಾರ್ಯದಿಂದ ಹೊರಗಿಡಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನಿಜವಾಗಿ ಮುಖವನ್ನು ಕಳೆಗುಂದಿಸುವ ಬಣ್ಣಗಳಿವೆ. ಅವು ಬೂದಿ ಬೆರೆಸಿದಂತಿರುವ ಮಂಕು ಬಣ್ಣಗಳು: ಮಂಕು ಗುಲಾಬಿ, ಮಂಕು ನೀಲಿ, ಸೋದರತ್ತೆ ಹೇಳಿದ ಆ ಕಂದು. ಅವು ಬಿಳಿಯ ಮೈಯನ್ನೂ ರೋಗಿಷ್ಠವಾಗಿಸುತ್ತವೆ, ಕಪ್ಪು ಮೈಯನ್ನೂ ಒಣಗಿಸುತ್ತವೆ. ಇದಕ್ಕೆ ವಿರುದ್ಧವಾಗಿ ಅರಿಶಿನದ ಹಳದಿ, ಕುಂಕುಮದ ಕೆಂಪು, ದಾಳಿಂಬೆ, ನವಿಲುಗತ್ತಿನ ನೀಲಿ, ಎಲೆಯ ಕಡು ಹಸುರು, ಇವು ಕಪ್ಪು ಮೈಯವರ ಸ್ವಂತ ಆಸ್ತಿ ಎನ್ನಬಹುದು. ಪರೀಕ್ಷೆ ಬಲು ಸುಲಭ. ಬಟ್ಟೆಯನ್ನು ಗದ್ದದ ಕೆಳಗೆ ಹಿಡಿದು ಬಾಗಿಲ ಬೆಳಕಿಗೆ ನಿಲ್ಲಿ. ಅಂಗಡಿಯೊಳಗಿನ ದೀಪದಲ್ಲಿ ನೋಡಬೇಡಿ. ಒಂದೇ ಬಟ್ಟೆ ಅಲ್ಲಿ ಒಂದು ಬಣ್ಣ, ಬೀದಿಯಲ್ಲಿ ಇನ್ನೊಂದು ಬಣ್ಣ. ಕನ್ನಡಿಯಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ಮುಖವಾದರೆ ಆ ಬಣ್ಣ ನಿಮ್ಮದು. ಬಟ್ಟೆಯೇ ಮೊದಲು ಕಂಡರೆ ಮಡಚಿ ಹಿಂದಿರುಗಿಸಿ.

ಇನ್ನು ಆರ್ಗಾಂಜಾ. ಈ ಹೆಸರು ಕೇಳಿ ಹಿರಿಯರು ಗಾಬರಿಯಾಗಬೇಕಾಗಿಲ್ಲ. ಗರಿಗರಿಯಾದ, ಪಾರದರ್ಶಕವಾದ ತೆಳು ನೇಯ್ಗೆ, ಅಷ್ಟೇ. ಮೊದಲು ಅದನ್ನು ರೇಷ್ಮೆಯಲ್ಲಿ ನೇಯುತ್ತಿದ್ದರು. ಅಗ್ಗಕ್ಕೆ ದೊರೆಯುವುದು ಬಹುಮಟ್ಟಿಗೆ ಪಾಲಿಯೆಸ್ಟರ್. ಈ ಗರಿಗರಿತನವೇ ಅದರ ಗುಣ, ಅದೇ ಅದರ ದೋಷ. ಗಂಜಿ ಹಾಕಿದ ಹತ್ತಿಯ ಸೀರೆಯ ಹಾಗೆ ಅದು ಮೈಯಿಂದ ದೂರ ನಿಲ್ಲುತ್ತದೆ. ಎತ್ತರವಾಗಿ, ತೆಳ್ಳಗೆ ಇರುವವರಿಗೆ ಅದು ಮೈದುಂಬಿದ ಕಳೆಯನ್ನು ಕೊಡುತ್ತದೆ. ಗಿಡ್ಡ ನಿಲುವಿನವರು ಉಟ್ಟರೆ ನೆರಿಗೆಗಳು ಬುಟ್ಟಿಯಂತೆ ಹರಡಿಕೊಂಡು ಇರುವ ಎತ್ತರವೂ ಕುಗ್ಗುತ್ತದೆ. ಅದರ ಮೇಲೆ ಅಂಗೈಯಗಲದ ಹೂಗಳಿದ್ದರೆ ನೋಡುವವರಿಗೆ ಹೂವೇ ಕಾಣುತ್ತದೆ, ಹುಡುಗಿ ಕಾಣುವುದಿಲ್ಲ.

ವೈಶಾಖದ ಸೆಕೆಯನ್ನೂ ಮರೆಯುವಂತಿಲ್ಲ. ಹತ್ತಿ ತನ್ನ ತೂಕದ ನೂರರಲ್ಲಿ ಎಂಟು ಪಾಲಿನಷ್ಟು, ರೇಷ್ಮೆ ಹನ್ನೊಂದು ಪಾಲಿನಷ್ಟು ತೇವವನ್ನು ಗಾಳಿಯಿಂದಲೇ ಹೀರಿಟ್ಟುಕೊಳ್ಳಬಲ್ಲದು. ಪಾಲಿಯೆಸ್ಟರು ಅರ್ಧ ಪಾಲನ್ನೂ ಹೀರದು. ಬೆವರು ಹೋಗಲು ದಾರಿಯಿಲ್ಲದೆ ಮೈಯ ಮೇಲೆಯೇ ನಿಲ್ಲುತ್ತದೆ. ನಾನು ಕಾಲೇಜಿನಲ್ಲಿದ್ದಾಗ ಇಂಥದೇ ಒಂದು ಸೀರೆಯುಟ್ಟು ಗೆಳತಿಯ ಮದುವೆಗೆ ಹೋಗಿ, ಊಟದ ಪಂಕ್ತಿಯಿಂದ ಏಳುವ ಹೊತ್ತಿಗೆ ಬೆನ್ನಿಗೆ ಅಂಟಿದ ಸೆರಗನ್ನು ಬಿಡಿಸಲಾರದೆ ಗೋಡೆಗೆ ಒರಗಿ ನಿಂತದ್ದನ್ನು ಈಗಲೂ ಮರೆತಿಲ್ಲ. ಹಾಗೆಂದು ಆ ಬಟ್ಟೆಗೆ ಕಾಲವೇ ಇಲ್ಲವೆನ್ನಲಾರೆ. ಮುಂಗಾರು ಹಿಡಿದ ಮೇಲೆ ಅರೆಮಲೆನಾಡಿನ ಕೆಸರಿನಲ್ಲಿ ಓಡಾಡುವವರಿಗೆ, ತೊಳೆದ ಗಂಟೆಯೊಳಗೆ ಒಣಗುವ ಪಾಲಿಯೆಸ್ಟರಿಗಿಂತ ಉಪಕಾರಿ ಮತ್ತೊಂದಿಲ್ಲ. ಮಳೆಯ ಹನಿ ಬಿದ್ದರೆ ಕಲೆ ಕಟ್ಟುವ ರೇಷ್ಮೆಯನ್ನು ಆಗ ಪೆಟ್ಟಿಗೆಯಲ್ಲಿಡಿ. ಹುಡುಗಿಗೆ ಆರ್ಗಾಂಜಾದ ಆಸೆ ತೀರದಿದ್ದರೆ ಶ್ರಾವಣದಲ್ಲಿ ಕೊಡಿಸಿರಿ, ಸಣ್ಣ ಹೂವಿನದನ್ನು.

ಈಗ ಪೆಟ್ಟಿಗೆಯಲ್ಲಿರುವ ಹಸುರು ಸೀರೆಗೆ ಬರೋಣ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1912ರಲ್ಲಿ, ರೇಷ್ಮೆ ನೇಯ್ಗೆಯ ಕಾರ್ಖಾನೆ ಆರಂಭವಾಯಿತು. 1980ರಿಂದ ಅದನ್ನು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ನಡೆಸುತ್ತಿದೆ. ಆ ಸೀರೆಯ ಹಿರಿಮೆ ಬರಿಯ ಜರಿಯಲ್ಲಿಲ್ಲ. ನೂಲನ್ನು ಬಿಗಿಯಾಗಿ ಹುರಿಗೊಳಿಸಿ ನೇಯುವುದರಿಂದ ಬಟ್ಟೆಗೆ ಒಂದು ಮೃದುವಾದ ತೂಕ ಬರುತ್ತದೆ, ಕ್ರೇಪ್ ಎನ್ನುವುದು ಅದನ್ನೇ. ಅದು ಸೆಟೆದು ನಿಲ್ಲದೆ ನೀರಿನಂತೆ ಇಳಿಯುತ್ತದೆ. ಗಿಡ್ಡ ನಿಲುವಿನವರಿಗೂ ಮೈದುಂಬಿದವರಿಗೂ ಇದಕ್ಕಿಂತ ಒಪ್ಪುವ ಬೀಳು ಬೇರೆ ಬಟ್ಟೆಗೆ ಇಲ್ಲವೆಂಬುದು ನನ್ನ ಅಭಿಪ್ರಾಯ. ಅದರಲ್ಲೂ ಒಡಲೆಲ್ಲ ಒಂದೇ ಬಣ್ಣ, ಕಿರಿದಾದ ಜರಿಯಂಚು. ಕಣ್ಣು ಎಲ್ಲಿಯೂ ತಡೆಯದೆ ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿಯುತ್ತದೆ, ಅದರಿಂದ ಎತ್ತರ ಹೆಚ್ಚಿದಂತೆ ತೋರುತ್ತದೆ.

"ಹಳೆಯದು" ಎಂದ ಹುಡುಗಿಯ ಮಾತನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಅವಳ ಓರಗೆಯವರೆಲ್ಲ ಈ ವರ್ಷದ ಉಡುಪಿನಲ್ಲಿ ಬರುವಾಗ ಇವಳೊಬ್ಬಳು ಅಜ್ಜಿಯ ಪೆಟ್ಟಿಗೆಯಿಂದ ಎದ್ದು ಬಂದಂತೆ ಕಾಣಬೇಕೆ? ಹೊಸತನ್ನು ಬಯಸುವುದು ಚಪಲವೆಂದು ಗದರಿಸುವ ಹಿರಿಯರಿಗೆ ಒಂದು ಮಾತು. ನಾವಿಂದು ಸಂಪ್ರದಾಯವೆಂದು ಭಾವಿಸುವ ಉಡಿಗೆ, ಒಳಲಂಗ, ಹೊಲಿದ ರವಿಕೆ, ಎಡಹೆಗಲ ಮೇಲೆ ಸೆರಗು, ಇದೂ ಒಂದು ಕಾಲದ ಫ್ಯಾಶನ್ನೇ. ಸತ್ಯೇಂದ್ರನಾಥ ಠಾಕೂರರ ಪತ್ನಿ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಮುಂಬಯಿಯಲ್ಲಿದ್ದಾಗ ಪಾರ್ಸಿ ಹೆಂಗಸರು ಉಡುವ ಕ್ರಮವನ್ನು ಕಂಡು, ಅದನ್ನು ತಿದ್ದಿ, ಬಂಗಾಳಕ್ಕೆ ಒಯ್ದು ಹಬ್ಬಿಸಿದರು. ಅಂದಿನ ಸೋದರತ್ತೆಯರು ಏನೆಂದಿರಬಹುದು, ಊಹಿಸಿಕೊಳ್ಳಿ. 1971ರಲ್ಲಿ 'ಶರಪಂಜರ' ತೆರೆಕಂಡ ಕಾಲಕ್ಕೆ ಕಲ್ಪನಾ ಅವರ ಸೀರೆ, ರವಿಕೆಗಳನ್ನು ಕಂಡು ಅಂಥದೇ ಬೇಕೆಂದು ಹಟಹಿಡಿದವರು ಇಂದು ಅಜ್ಜಿಯರು.

ಆದುದರಿಂದ ಹೊಸತನ್ನು ಬೇಡವೆನ್ನದೆ, ಅದಕ್ಕೆ ತಕ್ಕ ಜಾಗವನ್ನು ಕೊಡೋಣ. ಆ ಜಾಗ ರವಿಕೆ. ಸೀರೆ ಐದೂವರೆ ಮೀಟರಿನ ವಸ್ತು. ಒಮ್ಮೆ ಕೊಂಡರೆ ಮಗಳ ಕಾಲಕ್ಕೂ ಉಳಿಯಬೇಕು. ರವಿಕೆಗೆ ಬೇಕಾದದ್ದು ಒಂದು ಮೀಟರಿಗೂ ಒಳಗೆ. ಮೈ ಬದಲಾದಂತೆ ಅದು ಹೇಗೂ ಬದಲಾಗಲೇಬೇಕು. ಈ ವರ್ಷದ ತೋಳು, ಈ ವರ್ಷದ ಕತ್ತು, ಈ ವರ್ಷದ ಬಣ್ಣ, ಎಲ್ಲವೂ ಅಲ್ಲಿರಲಿ. ಮುಂದಿನ ವರ್ಷ ಅದು ಸಲ್ಲದೆ ಹೋದರೆ ನಷ್ಟವಾದದ್ದು ಒಂದು ಕಣ ಮತ್ತು ದರ್ಜಿಯ ಕೂಲಿ ಮಾತ್ರ. ಮುಖಕ್ಕೆ ತೀರ ಸಮೀಪವಿರುವ ಬಟ್ಟೆಯೂ ಅದೇ ಅಲ್ಲವೆ? ಬಣ್ಣದ ಗುಣಾವಗುಣವೆಲ್ಲ ಕಾಣುವುದು ಅಲ್ಲಿಯೇ.

ನಮ್ಮ ಹುಡುಗಿಗೆ ನಾನು ಹೇಳುವುದು ಅರಿಶಿನದ ಹಳದಿಯ ರವಿಕೆ. ಹೌದು, ಹಳದಿಯೇ. ಕಡು ಹಸುರಿನ ಮೇಲೆ ಅದು ಎಳೆಯ ಅಡಕೆ ಸಿಂಗಾರದಂತೆ ಹೊಳೆಯುತ್ತದೆ. ಬೇರೆ ಬಣ್ಣದ ರವಿಕೆ ಸೊಂಟದಲ್ಲಿ ಒಂದು ಗೆರೆಯೆಳೆದು ನಿಲುವನ್ನು ಎರಡು ತುಂಡು ಮಾಡುತ್ತದೆಂಬುದು ನಿಜ. ಸೆರಗನ್ನು ಉದ್ದಕ್ಕೆ ಬಿಟ್ಟು ಮಡಿಕೆ ಹಾಕಿ ಮುಂಭಾಗದಲ್ಲಿ ಓರೆಯಾಗಿ ಇಳಿಸಿದರೆ ಆ ಗೆರೆ ಮುಚ್ಚಿಹೋಗುತ್ತದೆ. ಉಬ್ಬುತೋಳನ್ನೂ ಇಡಿಸಿ, ಆದರೆ ಹಿತಮಿತವಾಗಿ. ಭುಜದ ತುದಿಯಿಂದ ಉಬ್ಬು ಮೇಲಕ್ಕೇಳಬೇಕೇ ಹೊರತು ಪಕ್ಕಕ್ಕೆ ಹರಡಬಾರದು. ಪಕ್ಕಕ್ಕೆ ಹರಡಿದರೆ ಭುಜ ಅಗಲವಾಗಿ ಕುತ್ತಿಗೆ ಮಾಯವಾಗುತ್ತದೆ. ತೋಳಿನ ಅಂಚು ಎಲ್ಲಿ ಮುಗಿಯುವುದೋ ಕಣ್ಣು ಅಲ್ಲಿ ನಿಲ್ಲುತ್ತದೆ. ತೋಳಿನ ಅತಿ ದಪ್ಪನೆಯ ಜಾಗದಲ್ಲಿ ಅದನ್ನು ಮುಗಿಸಬೇಡಿರೆಂದು ದರ್ಜಿಗೆ ಹೇಳಿ. ಮೊಣಕೈಗೆ ಎರಡು ಬೆರಳು ಮೇಲೆ ನಿಲ್ಲಿಸಿದರೆ ಬಹಳ ಮಂದಿಗೆ ಒಪ್ಪುತ್ತದೆ. ಕುತ್ತಿಗೆ ಗಿಡ್ಡವಾಗಿದ್ದರೆ ಕಾಲರು ಬೇಡ. ಕಂಕುಳ ಬಳಿ ಒಳಹೊಲಿಗೆಯಲ್ಲಿ ಒಂದೂವರೆ ಅಂಗುಲ ಬಟ್ಟೆ ಬಿಡಿಸಿರಿ. ಹೊಲಿಗೆ ಅಚ್ಚುಕಟ್ಟಾಗಿದ್ದರೆ ಸಾಧಾರಣ ಬಟ್ಟೆಯೂ ಗಣ್ಯವಾಗುತ್ತದೆ. ಕಂಕುಳಲ್ಲಿ ನೆರಿ ಬಿದ್ದರೆ ಜರಿಯೂ ಪೆಚ್ಚು.

ಕನ್ನಡಿ ಕೆಲಸದ ರವಿಕೆಯನ್ನು ಕುರಿತು ಬೇರೆ ಕೆಲವರು ಕೇಳಿದ್ದಾರೆ. ಸಂಡೂರಿನ ಲಂಬಾಣಿ ಕಸೂತಿ ಭೌಗೋಳಿಕ ಗುರುತು ಪಡೆದ ಕಲೆ. ನಿಜವಾದ ಕೈಕೆಲಸದ್ದು ದೊರೆತರೆ ಬಿಡಬೇಡಿ. ಆದರೆ ಅದರೊಡನೆ ಜರಿಯ ಸೀರೆ ಬೇಡ, ಒಂದರ ಹೊಳಪು ಇನ್ನೊಂದನ್ನು ತಿನ್ನುತ್ತದೆ. ಅಂಚಿನ ಹೊರತು ಬೇರೆ ಚಿತ್ತಾರವಿಲ್ಲದ ಇಳಕಲ್ ಹತ್ತಿಯ ಸೀರೆಯೊಡನೆ ತೊಟ್ಟು ನೋಡಿ. ಕೆಂಪು ಸೆರಗಿನ ಬಿಳಿಯ ಗೋಪುರಗಳಿಗೂ ಕನ್ನಡಿಯ ಬಿಲ್ಲೆಗಳಿಗೂ ಹಳೆಯ ನಂಟಿದ್ದಂತೆ ತೋರುತ್ತದೆ.

ಹಸುರು ಸೀರೆಯನ್ನು ಉಡುವ ಮೊದಲು ತಾಯಿಯವರು ಒಂದು ಕೆಲಸ ಮಾಡಬೇಕು. ಹಗಲಿನಲ್ಲಿ ಚಾಪೆಯ ಮೇಲೆ ಪೂರ್ತಿ ಬಿಡಿಸಿ, ಮಡಿಕೆಯ ಗೆರೆಗಳನ್ನು ಎರಡು ಕೈಗಳಿಂದ ಮೆಲ್ಲನೆ ಎಳೆದು ನೋಡಿರಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಯಲ್ಲಿಯೇ ಸೀಳುತ್ತದೆ. ದುರ್ಬಲವೆಂದು ಕಂಡರೆ ಆ ಭಾಗ ನೆರಿಗೆಯ ಒಳಮಗ್ಗುಲಿಗೆ ಹೋಗುವಂತೆ ಉಡಿಸಬಹುದು. ನೆರಳಿನಲ್ಲಿ ಅರ್ಧ ದಿನ ಗಾಳಿಯಾಡಲಿ. ತಿರುಗಿ ಇಡುವಾಗ ಮಡಿಕೆ ಬದಲಿಸಿ, ಹಳೆಯ ಬಿಳಿಯ ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ. ಉಡುವ ದಿನ ಮೊದಲು ಚಪ್ಪಲಿ ಮೆಟ್ಟಿಸಿ, ಆಮೇಲೆ ಸೀರೆ ಉಡಿಸಿ. ಅಂಚು ನೆಲವನ್ನು ತಾಗಿಯೂ ತಾಗದಂತಿರಬೇಕು. ಗಿಡ್ಡ ನಿಲುವಿನವರ ಸೀರೆ ಹಿಮ್ಮಡಿಯಿಂದ ಎರಡಂಗುಲ ಮೇಲೆ ನಿಂತಿತೆಂದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ.

ಕೊನೆಯದಾಗಿ ಮಗಳಿಗೇ ಒಂದು ಮಾತು. ಅಮ್ಮನ ಕೈಯಿಂದ ಈ ಪುಟವನ್ನು ಕಸಿದು ಓದುತ್ತಿರುವೆಯೆಂದು ಭಾವಿಸಿದ್ದೇನೆ, ಮಗು. ನಿನ್ನ ಸೋದರತ್ತೆಗೆ ನಿನ್ನ ಮೇಲೆ ಪ್ರೀತಿಯಿಲ್ಲವೆಂದು ತಿಳಿಯಬೇಡ. ಅವರಿಗೂ ಚಿಕ್ಕಂದಿನಲ್ಲಿ ಯಾರೋ ಆ ಕಂದು ಬಣ್ಣವನ್ನೇ ಉಡಿಸಿರಬೇಕು. ಹಳದಿಯ ಕಣವನ್ನು ಕೊಳ್ಳಲು ಹೋಗುವಾಗ ಅವರನ್ನೂ ಕರೆದುಕೊಂಡು ಹೋಗು, ಬಾಗಿಲ ಬೆಳಕಿನಲ್ಲಿ ನಿಂತು ನಿನ್ನ ಗದ್ದದ ಕೆಳಗೊಮ್ಮೆ, ಅವರ ಗದ್ದದ ಕೆಳಗೊಮ್ಮೆ ಹಿಡಿದು ನೋಡು. ಒಂದು ಮೀಟರು ಹೆಚ್ಚಾಗಿಯೇ ಕೊಳ್ಳಬೇಕಾದೀತು. ಲಗ್ನದ ಕಾಲದಲ್ಲಿ ದರ್ಜಿಗಳು ಹೇಳಿದ ದಿನಕ್ಕೆ ಹೊಲಿದು ಕೊಟ್ಟ ಉದಾಹರಣೆ ನನ್ನ ಅನುಭವದಲ್ಲಿಲ್ಲ, ನಾಳೆಯೇ ಹೊರಡಿರಿ.