ಹಗುರದ ಹಂಬಲ

ಮಗನ ಕಾರ್ಬನ್ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿದೆ. ಏಳು ಕಿಲೋ ಇದ್ದೀತು. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ 2000ದಿಂದ ವಿಧಿಸಿರುವ ಕನಿಷ್ಠ ತೂಕವೇ 6.8 ಕಿಲೋ. ಆದರೂ ಇವನಿಗೆ ಇನ್ನಷ್ಟು ಇಳಿಸುವ ಹಂಬಲ! ಸವೆದ ಟೈರು, ತುಕ್ಕು ಹಿಡಿದ ಬ್ರೇಕ್ ತಂತಿಗಳನ್ನು ಹಾಗೆಯೇ ಬಿಟ್ಟು, ಹಗುರವಾದ ಸೀಟಿನ ಕಂಬಕ್ಕೆ ಹಣ ಸುರಿದ. ನನಗಿದು ಒಪ್ಪಿಗೆಯಾಗಲಿಲ್ಲ.

ಉಕ್ಕಾದರೆ ಬಹುಮಟ್ಟಿಗೆ ಬಾಗಿ ಎಚ್ಚರಿಸುತ್ತದೆ. ಅಳತೆ ಮೀರಿ ಬಿಗಿದ ಕಾರ್ಬನ್ ಒಳಗೇ ಬಿರಿದು, ಒಮ್ಮೆಗೇ ಮುರಿಯಬಹುದು. ಕೈಯಂದಾಜಿನಲ್ಲಿ ಬಿಗಿದ ಆ ಕಂಬದಲ್ಲಿ ಕಳೆದ ತಿಂಗಳು ಕೂದಲೆಳೆಯಷ್ಟು ಬಿರುಕು ಕಂಡಿತು. ನಂದಿಬೆಟ್ಟದ ಇಳಿಜಾರಿನಲ್ಲಿ ಮುರಿದಿದ್ದರೆ? ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಈಗ ಟಾರ್ಕ್ ವ್ರೆಂಚ್ ಕೊಂಡಿದ್ದಾನೆ. ಹ್ಯಾಂಡಲಿನ ಬಳಿ ಅಚ್ಚಾಗಿದ್ದ 5 ನ್ಯೂಟನ್ ಮೀಟರನ್ನು ನನಗೆ ತೋರಿಸಿಯೇ ಬಿಗಿದ, ಮೇಷ್ಟರಿಗೆ ಲೆಕ್ಕ ಒಪ್ಪಿಸುವ ಹುಡುಗನಂತೆ. ಬ್ರೇಕ್ ತಂತಿ ಮಾತ್ರ ಇನ್ನೂ ಹಳೆಯದೇ.